ಎಡಸುತ್ತು

"ಕೈ ಹಾಕಿದ ಮೇಲೆ ಹಾಗೆಲ್ಲ ಕೆದಕಬಾರದು ಕಣೇ ಆಲ್ಮಾ. ಮೀನು ತಗೊಳ್ಳೋಕೆ ಬಂದಿದೀಯಾ, ಕಿವಿರು ಎತ್ತಿ ನೋಡೋಕೆ?"

ಬುಟ್ಟಿ ಹಿಡಿದು ನಿಂತಿದ್ದ ಡಾಟ್ ಹೀಗಂದಾಗ ಚರ್ಚಿನ ಹಿಂದಿನ ಹಾಲಿನಲ್ಲಿ ಸೇರಿದ್ದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಆಲ್ಮಾ ನಗಲಿಲ್ಲ. ಬೆಳಗಿನಿಂದಲೂ ಅವಳಿಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗಿ ಮನೆಯ ಬೀಗ ತೆಗೆದು ನೋಡಿ ಬಂದಿದ್ದಳು, ಆರಿಸಿಯೇ ಇತ್ತು. ಊಸ್ ಹೊಳೆಯ ಕಡೆಯಿಂದ ಬರುತ್ತಿದ್ದ ನವೆಂಬರಿನ ಗಾಳಿ ಹಾಲಿನ ಕಿಟಕಿಗಳನ್ನು ಒಂದೊಂದಾಗಿ ತಟ್ಟುತ್ತಾ, ಒಳಗೆ ತನ್ನವರು ಯಾರೋ ಇದ್ದಾರೆ ಎಂಬಂತೆ ಕಟ್ಟಡಕ್ಕೆ ಸುತ್ತು ಹಾಕುತ್ತಿತ್ತು. ಬುಟ್ಟಿಯೊಳಗೆ ಅವಳ ಬೆರಳುಗಳು ಪೊಟ್ಟಣದಿಂದ ಪೊಟ್ಟಣಕ್ಕೆ ಓಡಾಡಿದವು. ಆಗ ಡಾಟ್ ಬುಟ್ಟಿಯನ್ನು ತುಸು ವಾಲಿಸಿದಂತಾಯಿತು. ಪೊಟ್ಟಣವೊಂದು ತಾನಾಗಿ ಉರುಳಿ ಬಂದು ಅಂಗೈಗೆ ತಾಗಿತು.

"ಬಂತಲ್ಲ ಕೈಗೆ? ತಗೊಂಡು ನಡಿ ಮಾರಾಯ್ತಿ, ಮುಂದಿನವರಿಗೂ ಹಣೆಬರಹ ಅಂತ ಒಂದಿದೆ," ಅಂದಳು ಡಾಟ್.

ತಮ್ಮ ಕಸುಬನ್ನು ಕಾಯುವ ಸಂತ ಕ್ಯಾಥರೀನಳ ದಿನ ಈ ಊರಿನ ಲೇಸು ಹೆಣೆಯುವ ಹೆಂಗಸರು ಕೆಲಸ ಮಾಡುವುದಿಲ್ಲ. ಶಾಜೀರಿಗೆ ಹಾಕಿದ ಕೇಕು ತಿನ್ನುತ್ತಾರೆ, ಉರಿಯುವ ಮೇಣದಬತ್ತಿಯ ಮೇಲಿಂದ ಹಾರುತ್ತಾರೆ, ಕಡ್ಡಿ ಬದಲಿಸಿಕೊಳ್ಳುತ್ತಾರೆ. ಕಡ್ಡಿ ಎಂದರೆ ಲೇಸು ಹೆಣೆಯುವ ಕಡ್ಡಿ. ಪೆನ್ಸಿಲಿನಷ್ಟು ಸಣ್ಣದು, ಬೆರಳಿನಷ್ಟು ಉದ್ದ, ಮೇಲೆ ದಾರ ಸುತ್ತಲು ಕೊರಳು, ಕೆಳಗೆ, ಲೇಸು ಹೆಣೆಯಲು ಮುಂದಿಟ್ಟುಕೊಳ್ಳುವ ಗಟ್ಟಿ ದಿಂಬಿನ ಮೇಲೆ ಉರುಳದಿರಲೆಂದು ಮಣಿ ಪೋಣಿಸಿದ ತಂತಿಯ ಬಳೆ. ಪ್ರತಿಯೊಬ್ಬಳೂ ತಾನೇ ಕೆತ್ತಿ, ಬಣ್ಣ ಬಳಿದು, ಮಣಿ ಕಟ್ಟಿ ಒಂದು ಕಡ್ಡಿ ತರಬೇಕು. ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಬೇಕು. ಕಣ್ಣು ಮುಚ್ಚಿ ಇನ್ನೊಬ್ಬಳದನ್ನು ಎತ್ತಿಕೊಳ್ಳಬೇಕು. ಬರಿಗಡ್ಡಿ ಕೊಡುವಂತಿಲ್ಲ, ಅಪಶಕುನ. ಲೇಸಿನಲ್ಲಿ ಒಂಟಿ ಕಡ್ಡಿಗೆ ಕೆಲಸವೇ ಇಲ್ಲವಲ್ಲ; ಒಂದೇ ದಾರದ ಎರಡು ತುದಿ ಎರಡು ಕಡ್ಡಿಗೆ ಸುತ್ತಿದರೆ ಜೋಡಿ. ಆದ್ದರಿಂದ ಕೊಡುವವಳು ಅರ್ಧ ದಾರ ಸುತ್ತಿ ಮಿಕ್ಕ ತುದಿಯನ್ನು ಉದ್ದಕ್ಕೆ ಬಿಟ್ಟಿರುತ್ತಾಳೆ. ಪಡೆದವಳು ಆ ತುದಿಯನ್ನು ತನ್ನ ಕಡ್ಡಿಯೊಂದಕ್ಕೆ ಸುತ್ತಿಕೊಳ್ಳುತ್ತಾಳೆ. ಯಾರದು ಯಾರಿಗೆ ಹೋಯಿತು ಎಂಬುದು ಟೀ ಆಗುವವರೆಗೆ ಗುಟ್ಟು.

ಆಲ್ಮಾ ಕುರ್ಚಿಯ ತುದಿಯಲ್ಲಿ ಕೂತು ಪೊಟ್ಟಣ ಬಿಚ್ಚಿದಳು.

ಪಕ್ಕದಲ್ಲಿದ್ದ ಕಾನ್ನಿ ಕತ್ತು ಚಾಚಿದಳು. ಕಾನ್ನಿ ಪೋಸ್ಟಾಫೀಸಿನಲ್ಲಿ ಆಯುಷ್ಯವೆಲ್ಲ ಮುದ್ರೆ ಒತ್ತಿ ನಿವೃತ್ತಳಾದವಳು, ಈ ಲೇಸು ಕೂಟದ ಯಜಮಾನಿ. "ಅಯ್ಯಯ್ಯೋ, ಏನ್ ಚೆಂದ ಇದೆಯಮ್ಮಾ ಇದು!"

ಚೆಂದವೇ ಇತ್ತು. ಚೆರ್ರಿ ಮರದ ಕಡ್ಡಿ. ಅದರ ಮೈಮೇಲೆ ಬೆಳ್ಳಗಿನ ಸಣ್ಣ ಸಣ್ಣ ಹಕ್ಕಿಗಳ ಸಾಲು ಹಾವಿನಂತೆ ಸುತ್ತಿಕೊಂಡು ಮೇಲೇರಿತ್ತು. ಅಕ್ಕಿಕಾಳಿಗಿಂತ ಸಣ್ಣ ಹಕ್ಕಿ, ಆದರೂ ಒಂದೊಂದರ ರೆಕ್ಕೆಯೂ ಬೇರೆ ಬೇರೆ ಎತ್ತರದಲ್ಲಿತ್ತು. ಬಳೆಯಲ್ಲಿ ಹಸಿರು ಗಾಜಿನ ಮಣಿಗಳು. ನಡುವೆ, ಎಲ್ಲಕ್ಕಿಂತ ಕೆಳಗೆ, ಸಮುದ್ರ ನೆಕ್ಕಿ ನೆಕ್ಕಿ ನುಣುಪು ಮಾಡಿದ ಬಾಟಲಿಯ ಚೂರು. ಕಡ್ಡಿ ಅಲ್ಲಾಡಿಸಿದರೆ ಮಳೆಹನಿ ಸೂರಿನಿಂದ ಬಿದ್ದ ಸದ್ದು.

ಆಲ್ಮಾ ಅದನ್ನು ಬೆಳಕಿಗೆ ಹಿಡಿದಳು. ಕೊರಳಿನ ದಾರದ ಮೇಲೆ ಅವಳ ದೃಷ್ಟಿ ನಿಂತಿತು.

"ಇದೇನಿದು, ಉಲ್ಟಾ ಸುತ್ತಿದಾರೆ!"

"ಅದೊಂದು ಬಿಟ್ಟುಬಿಡೇ," ಅಂದಳು ಡಾಟ್. ಬುಟ್ಟಿ ಅವಳ ಸೊಂಟಕ್ಕೆ ಒತ್ತಿಕೊಂಡೇ ಇತ್ತು.

"ಬಿಡೋದೇನು? ಯಾರು ಸುತ್ತಿದ್ದು ಇದನ್ನ? ನಾನು ಇಷ್ಟು ವರ್ಷ ಹೇಳಿಕೊಟ್ಟಿದ್ದು ಗೋಡೆಗಾ?"

"ಕೊಟ್ಟ ಹಾಗೇ ಜೋಡಿ ಮಾಡಬೇಕಮ್ಮಾ. ದಾರ ಬಿಚ್ಚೋ ಹಾಗಿಲ್ಲ," ಅಂದಳು ಕಾನ್ನಿ. "ನಿಯಮ ಅಂದ್ರೆ ನಿಯಮ."

"ಒಂದು ಬಲಕ್ಕೆ, ಒಂದು ಎಡಕ್ಕೆ ಸುತ್ತಿದ್ರೆ ಎರಡಕ್ಕೂ ಕುಣಿಕೆ ಬೇರೆ ಬೇರೆ ಹಾಕ್ತಾ ಕೂರ್ಲಾ? ನಿಯಮದ ಮನೆ ಹಾಳಾಯ್ತು."

"ಇವಳು ಸ್ವರ್ಗಕ್ಕೆ ಹೋದ್ರೂ ದೇವದೂತರನ್ನ ನಿಲ್ಲಿಸಿ ರೆಕ್ಕೆ ಹೊಲಿಗೆ ಬಿಚ್ಚಿಸ್ತಾಳೆ," ಅಂದಳು ಡಾಟ್. ಮತ್ತೆ ನಗು. ಆದರೆ ಡಾಟಳ ಕಣ್ಣು ಮಾತ್ರ ಆಲ್ಮಾಳ ಕೈಯನ್ನು ಬಿಟ್ಟು ಅಲ್ಲಾಡಲಿಲ್ಲ. "ಆಲ್ಮಾ. ಬೇಡ ಕಣೇ. ಹಾಗೇ ಇರ್ಲಿ."

ದಾರ ಬಿಚ್ಚಿಕೊಳ್ಳದಂತೆ ಕೊರಳಿಗೆ ಹಾಕಿದ್ದ ಕುಣಿಕೆಯನ್ನು ಆಲ್ಮಾ ಆಗಲೇ ಜಾರಿಸಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಡ್ಡಿ ಗಿರಗಿರನೆ ತಿರುಗಿತು. ದಾರ ಸಡಿಲಾಗಿ ಉಂಗುರ ಉಂಗುರವಾಗಿ ಮಡಿಲಿಗೆ ಬಿತ್ತು. ಸುತ್ತು ಬಿಚ್ಚುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ತಪ್ಪು ಕಂಡರೆ ಅವಳ ಬೆರಳು ಅವಳಿಗಿಂತ ಮೊದಲು ಓಡುತ್ತವೆ. ಅರ್ಧ ಬಿಚ್ಚಿದ್ದಳು. ಆಗ ಬೆರಳುಗಳೇ ನಿಂತವು.

ಈ ಕೆಲಸವನ್ನು ಅವು ಮೊದಲೂ ಮಾಡಿದ್ದವು. ಹೀಗೇ, ಈ ದಿಕ್ಕಿಗೇ. ಅಡುಗೆಮನೆಯ ಮೇಜಿನ ಮುಂದೆ, ಎಷ್ಟೋ ಸಂಜೆ, ಒಂದೇ ಒಂದು ಮಗುವಿಗಾಗಿ. ಇಷ್ಟು ಬಿಗಿಯಾಗಿ, ಒಂದರ ಪಕ್ಕ ಒಂದು ಮಲಗಿಸಿದಂತೆ ಎಡಕ್ಕೆ ದಾರ ಸುತ್ತುವವಳು ಅವಳ ತಿಳಿವಳಿಕೆಯಲ್ಲಿ ಒಬ್ಬಳೇ ಇದ್ದಳು.

ಮಡಿಲಿನಲ್ಲಿ ಬಿದ್ದ ದಾರದ ಉಂಗುರಗಳನ್ನು ಆಲ್ಮಾ ನೋಡಿದಳು. ಅವನ್ನು ಮುಚ್ಚುವವಳಂತೆ ಮೇಲೆ ಅಂಗೈಯಿಟ್ಟಳು.

"ಸರಿಮಾಡಿ ಆಯ್ತಾ?" ಅಂದಳು ಕಾನ್ನಿ.

"ಇಲ್ಲ," ಅಂದಳು ಆಲ್ಮಾ.

ಆಲ್ಮಾಳ ಮಗಳು ಲೋರ್ನಾ ಹುಟ್ಟು ಎಡಚಿ. ಚಮಚ ಎಡಗೈಯಲ್ಲಿ, ಪೆನ್ಸಿಲು ಎಡಗೈಯಲ್ಲಿ, ಕೆನ್ನೆಗೆ ಮುತ್ತು ಕೊಡುವಾಗ ಕುತ್ತಿಗೆ ಹಿಡಿಯುವುದೂ ಎಡಗೈಯಲ್ಲೇ. ಅದಕ್ಕೆಲ್ಲ ಆಲ್ಮಾ ಏನೂ ಅಂದವಳಲ್ಲ. ಆದರೆ ದಿಂಬಿನ ಮುಂದೆ ಕೂತಾಗ ಅವಳು ಬೇರೆಯೇ ಹೆಂಗಸು. ಅವಳ ತಾಯಿ ಬಲಕ್ಕೆ ಸುತ್ತುತ್ತಿದ್ದಳು, ತಾಯಿಯ ತಾಯಿ ಬಲಕ್ಕೆ ಸುತ್ತುತ್ತಿದ್ದಳು, ಹಾಗೆಯೇ ಹಿಂದಕ್ಕೆ ಹೋದರೆ ರಾಣಿಯ ಕಾಲದವರೆಗೂ ಬಲಕ್ಕೇ. ಆ ರಾಣಿಯ ಕಥೆಯನ್ನು ಈ ಊರಿನ ಅಜ್ಜಿಯರು ಮಕ್ಕಳಿಗೆ ಇವತ್ತಿಗೂ ಹೇಳುತ್ತಾರೆ: ಒಂದಾನೊಂದು ಕಾಲದಲ್ಲಿ ಇಲ್ಲಿನ ಹೆಂಗಸರಿಗೆ ಕೆಲಸವಿಲ್ಲದೆ ಹೊಟ್ಟೆಗಿಲ್ಲದಂತಾದಾಗ, ಒಬ್ಬ ರಾಣಿ ತನ್ನಲ್ಲಿದ್ದ ಲೇಸನ್ನೆಲ್ಲ ಅಂಗಳಕ್ಕೆ ತರಿಸಿ ಬೆಂಕಿ ಹಚ್ಚಿದಳಂತೆ, ಹೊಸದು ಹೆಣೆಯಿರಿ ಎಂದಳಂತೆ. ಎಲ್ಲ ಮಕ್ಕಳೂ ಇಲ್ಲಿ ಚಪ್ಪಾಳೆ ತಟ್ಟುತ್ತವೆ. ಲೋರ್ನಾ ತಟ್ಟಿರಲಿಲ್ಲ. "ಸುಟ್ಟ ಲೇಸು ಯಾರು ಹೆಣೆದಿದ್ದು? ರಾಣಿ ಅವರನ್ನ ಕೇಳಿದ್ಲಾ?" ಎಂದಿದ್ದಳು. ಆಗ ಆಲ್ಮಾ ನಕ್ಕು ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು ಸುತ್ತು ಬಿಚ್ಚಿ ಬಲಕ್ಕೆ ಸುತ್ತಿಕೊಟ್ಟಿದ್ದಳು.

ಬೆಳೆದ ಮೇಲೆ ಲೋರ್ನಾ ವಾದ ಬಿಟ್ಟಳು. ತನ್ನ ದಿಂಬನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ತನ್ನ ರೀತಿಯಲ್ಲೇ ಹೆಣೆದಳು. ಬೇಕರಿಯ ಕೆಲಸ ಮುಗಿಸಿ ಬಂದು ಚಳಿಗಾಲ ವಸಂತವೆಲ್ಲ ಕೂತು, ಕಡ್ಡಿ ದಿಂಬಿನ ಸಮೇತ ಇಡುವ ಬೇಸಿಗೆಯ ಪ್ರದರ್ಶನಕ್ಕೆಂದು ಒಂದು ಕಾಲರ್ ಹೆಣೆಯುತ್ತಿದ್ದಳು. ಇನ್ನೊಂದು ಗೇಣು ಉಳಿದಿತ್ತು. ಆ ದಿನ ಅವಳು ಬೇಕರಿಗೆ ಹೋಗಿದ್ದಾಗ ಆಲ್ಮಾ ಧೂಳು ಒರೆಸಲು ಕೋಣೆಗೆ ಹೋದಳು. ದಿಂಬಿನ ಮೇಲಿನ ಬಟ್ಟೆ ಎತ್ತಿದಳು. ಕೆಲಸ ಎಷ್ಟು ಚೆಂದವಿತ್ತೆಂದರೆ ಅವಳು ಧೂಳು ಒರೆಸುವುದನ್ನೇ ಮರೆತಳು. ಇಷ್ಟು ಚೆಂದದ್ದನ್ನು ನೋಡಿದ ತೀರ್ಪುಗಾರರು ಕಡ್ಡಿಗಳ ಉಲ್ಟಾ ಸುತ್ತು ಕಂಡು ಮೂಗು ಮುರಿದರೆ? ತನ್ನ ಮಗಳ ಕೆಲಸಕ್ಕೆ ಯಾರೂ ಬೆರಳು ತೋರಿಸಬಾರದು. ಅವಳು ಕುರ್ಚಿ ಎಳೆದುಕೊಂಡು, ಮಧ್ಯಾಹ್ನವೆಲ್ಲ ಕೂತು, ಒಂದೊಂದೇ ಕಡ್ಡಿಯನ್ನು ಬಿಚ್ಚಿ ಬಲಕ್ಕೆ ಸುತ್ತಿಟ್ಟಳು. ಅಷ್ಟು ಪ್ರೀತಿಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಲೋರ್ನಾ ಬಂದು ಅವಸರದಲ್ಲಿ ಕೂತಳು. ಅವಳ ಕೈ ರೂಢಿಯಂತೆ ಎಡಗುಣಿಕೆ ಹಾಕಿತು. ಬಲಕ್ಕೆ ಸುತ್ತಿದ ದಾರದ ಮೇಲೆ ಎಡಗುಣಿಕೆ ನಿಲ್ಲುವುದಿಲ್ಲ. ಒಂದು ಜಾರಿತು, ಇನ್ನೊಂದು ಜಾರಿತು, ಕಡ್ಡಿಗಳು ದಿಂಬಿನ ಅಂಚಿನಿಂದ ಬಿದ್ದವು, ದಾರ ಓಡಿತು, ಲೇಸನ್ನು ದಿಂಬಿಗೆ ಹಿಡಿದಿಟ್ಟಿದ್ದ ಗುಂಡುಸೂಜಿಗಳು ಕಿತ್ತುಕೊಂಡು ಬಂದವು. ಎಲ್ಲಿ ತಪ್ಪಾಯಿತೆಂದು ತಿಳಿಯದೆ ಅವಳು ಗಟ್ಟಿಯಾಗಿ ಎಳೆದಳು. ಸದ್ದು ಕೇಳಿ ಆಲ್ಮಾ ಮೇಲೆ ಹೋದಾಗ ಕಾಲರಿನ ನಡುಭಾಗ ಮುದುಡಿಕೊಂಡು, ಹಿಂಡಿದ ಬಟ್ಟೆಯ ಹಾಗೆ ಇತ್ತು. ಲೋರ್ನಾ ಕಡ್ಡಿಯೊಂದನ್ನು ಎತ್ತಿ ಕೊರಳು ನೋಡುತ್ತಿದ್ದಳು. ಕೂಗಾಡಲಿಲ್ಲ. "ನನ್ನ ಕೈ ನಿನಗೆ ಬೇಡವಾದ್ರೆ ನಾನೂ ಬೇಡ ಬಿಡು," ಅಂದಳು. ಆ ವಾರವೇ ಹೋದಳು. ಆಲ್ಮಾಳ ಗಂಡ ವಾಲ್ಟ್ ಊಟದ ಮೇಜಿನಿಂದ ಮಗಳ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಶೆಡ್ಡಿನಲ್ಲಿಟ್ಟು ಬಂದ. ಮೊದಲ ಕ್ರಿಸ್‌ಮಸ್ಸಿಗೆ ಬದುಕಿದ್ದೇನೆ ಎಂದು ಒಂದು ಸಾಲಿನ ಕಾರ್ಡು ಬಂದಿತ್ತು, ವಿಳಾಸವಿರಲಿಲ್ಲ. ಆಮೇಲೆ ಅದೂ ಇಲ್ಲ.

ಹಾಲಿನಲ್ಲಿ ಕಪ್ಪು ಬಸಿಗಳ ಸದ್ದು ಶುರುವಾಗಿತ್ತು. ಆಲ್ಮಾ ಎದ್ದಳು, ಕೂತಳು, ಮತ್ತೆ ಎದ್ದಳು. ಎಡಮುಷ್ಟಿಯಲ್ಲಿ ಕಡ್ಡಿಯೂ ಸಡಿಲ ದಾರವೂ ಇದ್ದವು. ಬಲಗೈಯಲ್ಲಿ ಕೇಕಿನ ತಟ್ಟೆ ಹಿಡಿದು, ಕೊಡುವ ನೆಪದಲ್ಲಿ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತಳು. ಇವರಲ್ಲಿ ಯಾರೋ ಒಬ್ಬರು ಅವಳನ್ನು ನೋಡಿದ್ದಾರೆ. ಇವರಲ್ಲಿ ಯಾರದೋ ಕೈಗೆ ಲೋರ್ನಾ ಈ ಪೊಟ್ಟಣ ಕೊಟ್ಟಿದ್ದಾಳೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಎಲ್ಲರ ತುಟಿಯ ಮೇಲೂ ಸಕ್ಕರೆಯ ಪುಡಿಯಿತ್ತು. ಯಾರೋ ಟೀ ಕೊಟ್ಟರು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತಳು. ಇನ್ನೊಂದು ಕೊಟ್ಟರು. ಅದನ್ನು ಪಿಯಾನೋದ ಮೇಲಿಟ್ಟಳು.

"ಇವತ್ತು ಇವಳಿಗೇನಾಗಿದೆ? ಇರುವೆಗೂಡಿನ ಮೇಲೆ ಕೂತವಳ ಹಾಗೆ!" ಅಂದಳು ಕಾನ್ನಿ. "ಬಾರಮ್ಮ, ಬತ್ತಿ ಹಚ್ಚಿದೀನಿ. ಎಲ್ಲರದ್ದೂ ಆಯ್ತು, ನಿಂದೊಂದೇ."

ಹಾಲಿನ ನಡುವೆ, ನೆಲದ ಮೇಲಿಟ್ಟ ಗಿಡ್ಡ ಹಿತ್ತಾಳೆಯ ಕಂಬದಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಹಾರಿದಾಗ ಬತ್ತಿ ಆರದಿದ್ದರೆ ವರ್ಷವೆಲ್ಲ ಒಳ್ಳೆಯದು. ಆಲ್ಮಾ ಬಲಗೈಯಲ್ಲಿ ಲಂಗ ಎತ್ತಿ ಹಿಡಿದಳು. ಎಡಮುಷ್ಟಿ ಬಿಡಿಸಲಿಲ್ಲ.

"ಕೈಯಲ್ಲಿರೋದನ್ನ ಇಟ್ಟು ಹಾರೇ ತಾಯಿ, ಬಿದ್ರೆ ಹಲ್ಲು ಹೋಗುತ್ತೆ," ಎಂದು ಯಾರೋ ಕೂಗಿದರು.

"ಇರೋದೇ ಕಟ್ಟಿಸಿದ ಹಲ್ಲು," ಅಂದಳು ಡಾಟ್.

ಆಲ್ಮಾ ಹಾರಿದಳು. ಲಂಗದ ಗಾಳಿಗೆ ಬತ್ತಿ ಒಂದು ಸಲ ಬಾಗಿ, ಹೊಗೆ ಬಿಟ್ಟು, ಆರಿತು. ಅಷ್ಟರಲ್ಲಿ ಡಾಟ್ ಮಂಡಿಯೂರಿ ಕೂತು, ಏಪ್ರನ್ನಿನ ಜೇಬಿನಿಂದ ಸಿಗರೇಟಿನ ಲೈಟರ್ ತೆಗೆದು ಬತ್ತಿಗೆ ಹಿಡಿದಿದ್ದಳು. "ಆರಲಿಲ್ಲ, ಆರಲಿಲ್ಲ. ಅದು ಆ ಹಾಳು ಕಿಟಕಿಯ ಗಾಳಿ. ಬಾಗಿಲು ಹಾಕ್ರೇ ಯಾರಾದ್ರೂ."

ಅವಳ ಕಣ್ಣು ಬತ್ತಿಯ ಮೇಲಲ್ಲ, ಆಲ್ಮಾಳ ಎಡಮುಷ್ಟಿಯ ಮೇಲಿತ್ತು. ಲೈಟರಿನ ಜ್ವಾಲೆ ಬತ್ತಿಯನ್ನು ಹಿಡಿಯದೆ ಎರಡು ಮೂರು ಸಲ ಅತ್ತಿತ್ತ ಹೋಯಿತು. ಆಲ್ಮಾ ಆ ನೋಟವನ್ನು ಕಂಡಳು. ಯಾರ ಮುಖದಲ್ಲಿ ಹುಡುಕಿದರೂ ಸಿಗದಿದ್ದದ್ದು ಅಲ್ಲಿತ್ತು.

ಟೀ ಮುಗಿದ ಮೇಲೆ ಗುಟ್ಟು ಬಿಡುವ ಹೊತ್ತು. ತಮಗೆ ಸಿಕ್ಕ ಕಡ್ಡಿಯನ್ನು ಒಬ್ಬೊಬ್ಬರೇ ಎತ್ತಿ ಹಿಡಿದರು. ಮಾಡಿದವರು "ನಂದು" ಎಂದು ಕೂಗಿದರು. ಅಪ್ಪುಗೆ, ಮುತ್ತು, ಹುಸಿಬೈಗುಳ. ಆಲ್ಮಾ ಮಾಡಿದ್ದ ಕಡ್ಡಿ ಡಾಟಳಿಗೇ ಸಿಕ್ಕಿತ್ತು. ಹಳದಿ ಬಣ್ಣದ ಮೇಲೆ ಕಪ್ಪು ಗೆರೆಗಳು, ಅಳತೆಪಟ್ಟಿಯಿಟ್ಟು ಎಳೆದಂತೆ. ಕೊನೆಗೆ ಆಲ್ಮಾಳ ಸರದಿ. ಅವಳು ಚೆರ್ರಿ ಮರದ ಕಡ್ಡಿಯನ್ನು ಎತ್ತಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಗಾಳಿ ಇನ್ನೊಂದು ಸುತ್ತು ಬಂತು.

"ನಂದು," ಅಂದಳು ಡಾಟ್, ಕೇಕಿನ ಚೂರು ಆರಿಸುತ್ತಾ.

"ನಿಂದಾ!" ಕಾನ್ನಿಯ ಹುಬ್ಬು ಮೇಲೇರಿತು. "ಹೋದ ವರ್ಷ ನೀನು ಕೊಟ್ಟ ಕಡ್ಡಿ ಮೇಲಿನ ಕೋಳಿ ಆಲೂಗಡ್ಡೆಯ ಹಾಗಿತ್ತಲ್ಲೇ. ಇವತ್ತು ಹಕ್ಕಿ ಹಾರಿಸ್ತಿದೀಯಾ?"

"ಕಲ್ತೆ. ಮುದುಕಿ ಕಲೀಬಾರದು ಅಂತೇನು ಪೋಸ್ಟಾಫೀಸಿನ ನಿಯಮ ಇದೆಯಾ?"

ಎಲ್ಲರೂ ನಕ್ಕರು, ಕುರ್ಚಿಗಳು ಸರಿದವು, ಕೋಟುಗಳ ಹುಡುಕಾಟ ಶುರುವಾಯಿತು. ಡಾಟ್ ಎಲ್ಲರಿಗಿಂತ ಮೊದಲು ತಲೆಗೆ ಸ್ಕಾರ್ಫ್ ಕಟ್ಟಿ, ಚೀಲ ಹಿಡಿದು ಬಾಗಿಲ ಹೊರಗಿದ್ದಳು. ಆಲ್ಮಾ ಅವಳ ಹಿಂದೆಯೇ ಹೋಗಿ, ಹಾಲಿನ ಮುಂದಿನ ಚಿಕ್ಕ ಮಂಟಪದಲ್ಲಿ ಅವಳ ತೋಳು ಹಿಡಿದಳು. ಅಲ್ಲಿ ಒಂದು ಕಲ್ಲಿನ ಬೆಂಚು, ಒದ್ದೆ ಕೊಡೆಗಳು, ಮೇಲೆ ಆಗಲೇ ಹಚ್ಚಿದ್ದ ದೀಪ. ನಾಲ್ಕು ಗಂಟೆಗೇ ಕತ್ತಲು ಬೇಲಿ ದಾಟಿ ಬರುತ್ತಿತ್ತು.

"ಬಿಡೇ, ಬೆಡ್‌ಫರ್ಡ್ ಬಸ್ಸು ತಪ್ಪುತ್ತೆ. ಅಲ್ಲಿಂದ ನಾನು ರೈಲು ಹಿಡೀಬೇಕು, ಅಕ್ಕನ ಮನೆಗೆ."

"ಎಲ್ಲಿದಾಳೆ?"

"ಯಾರು? ನಮ್ಮಕ್ಕನಾ? ಸಮುದ್ರದ ಹತ್ರ. ಗೊತ್ತಿಲ್ವಾ ನಿನಗೆ?"

"ಡಾಟ್."

ಡಾಟ್ ಚೀಲವನ್ನು ಕೆಳಗಿಟ್ಟಳು. ನಗುವುದಕ್ಕೆಂದು ತಯಾರಾಗಿದ್ದ ಅವಳ ಮುಖ ಇನ್ನೇನು ಮಾಡಬೇಕೆಂದು ತಿಳಿಯದೆ ಸೋತಿತು.

"ಹೇಳಬಾರದು ಅಂತ ಮಾತು ಕೊಟ್ಟಿದೀನಿ ಕಣೇ. ಅಕ್ಕನ ಬೀದಿಯಲ್ಲಿ ಒಂದು ಕಿಟಕಿಯಲ್ಲಿ ಲೇಸಿನ ಪಟ್ಟಿ ಕಂಡೆ. ನಮ್ಮೂರಿನದೇ ಹೆಣಿಗೆ. ಬಾಗಿಲು ತಟ್ಟಿದೆ. ಅಷ್ಟೇ."

"ಹೇಗಿದಾಳೆ?"

"ಕೂದಲು ಗಿಡ್ಡ ಕತ್ತರಿಸಿಕೊಂಡಿದಾಳೆ. ಚೆನ್ನಾಗಿ ಕಾಣುತ್ತೆ." ಡಾಟ್ ರಸ್ತೆಯ ತಿರುವಿನ ಕಡೆ ನೋಡಿದಳು. "ಇದನ್ನ ಅವಳೇ ಕೊಟ್ಟಳು. ಬುಟ್ಟಿ ನನ್ನ ಕೈಯಲ್ಲೇ ಇರುತ್ತಲ್ಲ. 'ಅಮ್ಮನ ಕೈಗೆ ಬರೋ ಹಾಗೆ ಮಾಡು, ಏನೂ ಹೇಳಬೇಡ. ಅವಳೇನು ಮಾಡ್ತಾಳೆ ನೋಡು. ನೋಡಿದ್ದನ್ನ ನನಗೆ ಬಂದು ಹೇಳು' ಅಂದಳು."

ಆಲ್ಮಾ ತನ್ನ ಮುಷ್ಟಿ ನೋಡಿಕೊಂಡಳು.

"ಏನಂತ ಹೇಳ್ತೀಯಾ?"

"ನೀನು ಬಿಚ್ಚೋಕೆ ಹೊರಟಾಗ ಬೇಡ ಅಂದೆ. ಎರಡು ಸಲ ಅಂದೆ."

"ಏನಂತ ಹೇಳ್ತೀಯಾ ಡಾಟ್?"

"ಏನಂತ ಹೇಳ್ಲಿ? ಬಿಚ್ಚಿದಳು ಅಂತ ಹೇಳ್ತೀನಿ. ಆ ಹುಡುಗಿಗೆ ನಾನು ಸುಳ್ಳು ಹೇಳೋಲ್ಲ. ಬೇಕಾದ್ರೆ ಅರ್ಧಕ್ಕೆ ನಿಲ್ಲಿಸಿದಳು ಅಂತಾನೂ ಹೇಳ್ತೀನಿ. ಆದರೆ ಬಿಚ್ಚಿದ್ದು ಬಿಚ್ಚಿದ್ದೇ ಅಲ್ವಾ?"

ತಿರುವಿನಾಚೆ ಎಂಜಿನ್ನಿನ ಸದ್ದಾಯಿತು. ಇಬ್ಬರೂ ತಿರುಗಿದರು. ಬಸ್ಸಲ್ಲ, ಹಾಲು ಸಾಗಿಸುವ ಲಾರಿ.

"ನನ್ನ ಕಡ್ಡಿ ಕೊಡು," ಅಂದಳು ಆಲ್ಮಾ.

"ಕೊಟ್ಟಿದ್ದನ್ನ ವಾಪಸ್ ಕೇಳಬಾರದು. ಕಾನ್ನಿ ಕಂಡ್ರೆ—"

"ಕೊಡೇ!"

ಡಾಟ್ ಚೀಲ ಕೆದಕಿ ಹಳದಿ ಕಡ್ಡಿ ತೆಗೆದುಕೊಟ್ಟಳು. "ನಿನ್ನ ಪೊಟ್ಟಣ ಹುಡುಕೋದು ಕಷ್ಟವಾಗಲಿಲ್ಲ ಬಿಡು. ಕಾಗದಕ್ಕೂ ಇಸ್ತ್ರಿ ಮಾಡಿರ್ತೀಯಲ್ಲ. ಅವಳಿಗೆ ತಗೊಂಡು ಹೋಗೋಣ ಅಂತಲೇ ಎತ್ತಿಕೊಂಡೆ."

ಆಲ್ಮಾ ಕಲ್ಲಿನ ಬೆಂಚಿನ ಮೇಲೆ ಕೂತಳು. ತಾನೇ ನಿನ್ನೆ ಒಪ್ಪವಾಗಿ ಬಲಕ್ಕೆ ಸುತ್ತಿದ್ದ ದಾರವನ್ನು ಹಳದಿ ಕಡ್ಡಿಯಿಂದ ಎಳೆದು ತೆಗೆದು ನೆಲಕ್ಕೆ ಹಾಕಿದಳು. ಚೆರ್ರಿ ಕಡ್ಡಿಯ ಕೊರಳಲ್ಲಿ ಲೋರ್ನಾ ಸುತ್ತಿದ್ದರಲ್ಲಿ ಅರ್ಧ ಹಾಗೇ ಉಳಿದಿತ್ತು. ಅದಕ್ಕೆ ಎಡಗುಣಿಕೆ ಹಾಕಬೇಕು, ಇಲ್ಲದಿದ್ದರೆ ಅದೂ ಬಿಚ್ಚಿಕೊಳ್ಳುತ್ತದೆ. ಅವಳ ಬಲಗೈ ತನಗೆ ಗೊತ್ತಿದ್ದ ಕುಣಿಕೆ ಹಾಕಿತು. ಜಾರಿತು. ಮತ್ತೆ ಹಾಕಿತು. ಮತ್ತೆ ಜಾರಿತು.

"ಬಸ್ಸು ಬಂದ್ರೆ ನಾನು ನಿಲ್ಲೋಲ್ಲ," ಅಂದಳು ಡಾಟ್. ಆದರೂ ಅವಳು ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದಳು.

ಆಲ್ಮಾ ಕಡ್ಡಿಯನ್ನು ಎಡಗೈಗೆ ಬದಲಾಯಿಸಿದಳು. ಲೋರ್ನಾಳ ಪುಟ್ಟ ಕೈ ಹೇಗೆ ತಿರುಗುತ್ತಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾದದ್ದು ತಾನು ಅದನ್ನು ಹಿಡಿದು ನಿಲ್ಲಿಸುತ್ತಿದ್ದುದು ಮಾತ್ರ. ಎಲ್ಲಿ ಹಿಡಿಯುತ್ತಿದ್ದೆ, ಮಣಿಕಟ್ಟಿನ ಯಾವ ತಿರುವಿನಲ್ಲಿ. ಆ ತಿರುವು ಗೊತ್ತಿತ್ತು. ಅಲ್ಲಿಗೆ ತನ್ನ ಕೈ ತಂದಳು, ನಿಲ್ಲಿಸಲಿಲ್ಲ, ಹೋಗಲು ಬಿಟ್ಟಳು. ದಾರ ಕಡ್ಡಿಯ ಕೊರಳಿಗೆ ಕೆಳಗಿನಿಂದ ಬಂದು ಬಿಗಿಯಿತು. ಅವಳು ಕಡ್ಡಿಯನ್ನು ತೂಗಿಬಿಟ್ಟಳು. ಅದು ನಿಂತಿತು.

ಈಗ ಮಡಿಲಿನ ಸಡಿಲ ದಾರ. ಅದರ ತುದಿಯನ್ನು ಹಳದಿ ಕಡ್ಡಿಯ ಕೊರಳಿಗೆ ಹಚ್ಚಿ ಎಡಕ್ಕೆ ಸುತ್ತತೊಡಗಿದಳು. ಕೈ ಒಪ್ಪಲಿಲ್ಲ. ನಾಲ್ಕು ಸುತ್ತಿಗೆ ಒಂದು ಸಲ ಮರೆತು ಬಲಕ್ಕೆ ತಿರುಗುತ್ತಿತ್ತು. ಬಿಚ್ಚಿ ಮತ್ತೆ ಸುತ್ತಿದಳು. ದಾರ ಒಂದು ಕಡೆ ಗುಡ್ಡೆಯಾಯಿತು, ಇನ್ನೊಂದು ಕಡೆ ಮರ ಬರಿದಾಗಿ ಕಂಡಿತು. ಐದು ವರ್ಷದ ಮಗು ಮೊದಲ ಸಲ ಸುತ್ತಿದ ಹಾಗಿತ್ತು. ಇಂಥದ್ದನ್ನು ಅವಳ ಪಾಠಕ್ಕೆ ಬರುವ ಯಾವ ಹುಡುಗಿಯಾದರೂ ತಂದಿದ್ದರೆ ಮುಖದ ಮೇಲೇ ಎಸೆಯುತ್ತಿದ್ದಳು. ಬಾಗಿಲಿನಿಂದ ಹೊರಬಂದ ಹೆಂಗಸರು ಗುಡ್‌ನೈಟ್ ಹೇಳುತ್ತಾ, ಬೆಂಚಿನ ಮೇಲೆ ಮೂಗು ಕೆಂಪಗಾಗಿ ಎಡಗೈಯಲ್ಲಿ ಪರದಾಡುತ್ತಿದ್ದ ಆಲ್ಮಾಳನ್ನು ನೋಡಿ, ಮತ್ತೊಮ್ಮೆ ನೋಡಿ, ಕೊಡೆ ಬಿಡಿಸಿಕೊಂಡು ಹೋದರು. ಕಾನ್ನಿ ಒಂದು ಕ್ಷಣ ನಿಂತು ಬಾಯಿ ತೆರೆದಳು. ಡಾಟ್ ಅವಳ ಬೆನ್ನಿಗೆ ಕೈಯಿಟ್ಟು ಮೆಟ್ಟಿಲು ಇಳಿಸಿ ಕಳಿಸಿದಳು.

"ಇನ್ನೂ ಎಡಗೈಲೇ ಹೆಣೀತಾಳಾ?" ಅಂದಳು ಆಲ್ಮಾ, ತಲೆ ಎತ್ತದೆ.

"ಮತ್ತಿನ್ನೇನು, ನನ್ನ ಕೈಲಿ ಹೆಣೀತಾಳಾ? ಅವಳಿಗಿರೋದೇ ಅದು."

ಸುತ್ತು ಮುಗಿಯಿತು. ಎರಡು ಕಡ್ಡಿಗಳ ನಡುವೆ ತೋಳುದ್ದದ ದಾರ ಉಳಿದಿತ್ತು. ಒಂದು ತುದಿಯಲ್ಲಿ ಹಕ್ಕಿಗಳ ಕಡ್ಡಿ, ಇನ್ನೊಂದರಲ್ಲಿ ಹಳದಿ ಕಡ್ಡಿ. ಆಲ್ಮಾ ಅವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ದೀಪದ ಬೆಳಕಿನಲ್ಲಿ ದಾರ ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ ಹೊಳೆಯಿತು. ಜೋಡಿಯಾಗಿತ್ತು. ಈಗಲೇ ದಿಂಬಿಗೆ ನೇತುಹಾಕಬಹುದಿತ್ತು.

ತಿರುವಿನಲ್ಲಿ ಎರಡು ದೊಡ್ಡ ದೀಪಗಳು ಕಂಡವು. ಈ ಸಲ ಬಸ್ಸೇ.

"ಕತ್ತರಿ?" ಅಂದಳು ಡಾಟ್.

"ಒಳಗಿದೆ."

"ಒಳಗೆ ಹೋಗಿ ಬರೋಷ್ಟರಲ್ಲಿ ಬಸ್ಸು ಬೆಡ್‌ಫರ್ಡಿನಲ್ಲಿರುತ್ತೆ." ಡಾಟ್ ಬಗ್ಗಿ ದಾರವನ್ನು ನಡುವೆ ಹಿಡಿದು ಹಲ್ಲಿಗಿಟ್ಟಳು. ಆಲ್ಮಾಳ ಮುಖ ಕಿವುಚಿಕೊಂಡಿತು. ದಾರವನ್ನು ಹಲ್ಲಿನಿಂದ ಕಡಿದವರನ್ನು ಅವಳು ಪಾಠದಿಂದ ಎಬ್ಬಿಸಿ ಕಳಿಸಿದ್ದುಂಟು. ಈಗ ಡಾಟಳ ಬೆರಳನ್ನು ಮಾತ್ರ ಮೆಲ್ಲಗೆ ಹಕ್ಕಿಗಳ ಕಡ್ಡಿಯ ಕಡೆಗೆ ಸರಿಸಿದಳು, ಹಳದಿ ಕಡ್ಡಿಯ ಪಾಲಿಗೆ ಹೆಚ್ಚು ದಾರ ಉಳಿಯಲೆಂದು. ಟಕ್ ಎಂದಿತು.

ಡಾಟ್ ಹಳದಿ ಕಡ್ಡಿಯನ್ನು ಪೊಟ್ಟಣ ಕಟ್ಟಲು ಹೋಗದೆ ಬ್ಲೌಸಿನೊಳಗೆ ಸೇರಿಸಿಕೊಂಡಳು. ರಸ್ತೆಗೆ ಓಡುತ್ತಾ ಕೈ ಎತ್ತಿ ಬಸ್ಸು ನಿಲ್ಲಿಸಿದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಅವಳಿಗೇನಾದ್ರೂ ಹೇಳಬೇಕಾ?"

ಆಲ್ಮಾ ಬಾಯಿ ತೆರೆದಳು. ಹೇಳಬೇಕೆಂದು ವರ್ಷಗಳಿಂದ ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ, ಕೋಳಿಗೂಡಿನ ಮುಂದೆ ಸಿದ್ಧಮಾಡಿದ್ದು ಒಂದೂ ಬರಲಿಲ್ಲ.

"ತುದಿ ಬಿಟ್ಟಿದೀನಿ ಅನ್ನು," ಅಂದಳು.

"ಏನು? ಕೇಳಿಸ್ಲಿಲ್ಲ!"

"ತುದಿ! ಉದ್ದಕ್ಕೆ ಬಿಟ್ಟಿದೀನಿ ಅನ್ನು!"

"ಆಂಟಿ, ಹತ್ತುತ್ತೀರಾ ಇಲ್ಲ ಇಳೀತೀರಾ?" ಎಂದ ಡ್ರೈವರ್. "ಹತ್ತುತ್ತಾನೇ ಇದೀನಲ್ಲಪ್ಪಾ, ಅದೇನು ನಿನ್ನ ಮದುವೆಗೆ ಹೊತ್ತಾಯ್ತಾ?" ಎಂಬ ಡಾಟಳ ದನಿಯ ಮೇಲೆ ಬಾಗಿಲು ಮುಚ್ಚಿಕೊಂಡಿತು. ಮಬ್ಬು ಗಾಜಿನ ಹಿಂದೆ ಅವಳ ಸ್ಕಾರ್ಫ್ ಒಂದು ಸೀಟಿನಿಂದ ಇನ್ನೊಂದಕ್ಕೆ ಹೋಗಿ ಕೂತಿತು. ಬಸ್ಸು ಹೊಳೆಯ ಸೇತುವೆ ದಾಟಿತು.

ಆಲ್ಮಾ ಮನೆಯ ಕಡೆ ನಡೆದಳು. ಚೀಲವನ್ನು ಹಾಲಿನಲ್ಲೂ ಕೊಡೆಯನ್ನು ಮಂಟಪದಲ್ಲೂ ಮರೆತಿದ್ದಳು. ಬೇಲಿಯ ಮುಳ್ಳುಗಂಟಿಗಳ ಮೇಲೆ ಗಾಳಿ ಹಾಯುತ್ತಿತ್ತು. ಅವಳ ಕೋಟಿನ ಜೇಬಿನೊಳಗಿಂದ, ಹೆಜ್ಜೆಗೊಂದು ಸಲ, ಸೂರಿನಿಂದ ಹನಿ ಬಿದ್ದ ಸದ್ದಾಗುತ್ತಿತ್ತು. ದಾರಿಯಲ್ಲಿ ಎದುರಾದ ಯಾರೋ ಶುಭ ಸಂಜೆ ಅಂದರು. ಅವಳಿಗೆ ಕೇಳಿಸಲಿಲ್ಲ. ಜೇಬಿನ ಕತ್ತಲೆಯಲ್ಲಿ ಅವಳ ಎಡಗೈಯ ಎರಡು ಬೆರಳು ದಾರವಿಲ್ಲದೆಯೇ ಸುತ್ತುತ್ತಿದ್ದವು, ಎಡಕ್ಕೆ, ತಪ್ಪಿ ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ.